ಬಿದ್ದದ್ದು ಯಾವ ಮರದಿಂದ?

ನಮ್ಮ ತೋಟಕ್ಕೆ ಇಪ್ಪತ್ತು ವರ್ಷದಿಂದ ಅಡಿಕೆ ಕೊನೆ ತೆಗೆಯಲು ಬರುತ್ತಿದ್ದವರು ಮೂರು ಮಳೆಗಾಲದ ಹಿಂದೆ ಮರದಿಂದ ಬಿದ್ದರು. ಬಿದ್ದದ್ದು ಹೊಳೆಯಾಚೆ ಬೇರೆಯವರ ತೋಟದಲ್ಲಿ, ಎರಡನೇ ಸಲದ ಔಷಧಿ ಹೊಡೆಯುವಾಗ. ಆಷಾಢದ ಮಳೆ ಎರಡು ದಿನ ಬಿಡುವು ಕೊಟ್ಟಿತ್ತು. ಅಷ್ಟರಲ್ಲಿ ಬೋರ್ಡೋ ದ್ರಾವಣ ಹೊಡೆದು ಮುಗಿಸದಿದ್ದರೆ ಕೊಳೆ ರೋಗ ಬರುತ್ತದೆ ಎಂಬ ಅವಸರ ಎಲ್ಲರಿಗೂ. ಪಾಚಿ ಕಟ್ಟಿದ ಮರ, ಕೈಯಲ್ಲಿ ಪಂಪಿನ ಪೈಪು. ಕೆಳಗಿದ್ದವರು ಅವರನ್ನು ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಜನ ಹಿಡಿದು, ಹೊಳೆಯ ಕಾಲುಸಂಕ ದಾಟಿಸಿ ಪಿಕಪ್ಪಿಗೆ ಹತ್ತಿಸಿದರು.

ಏಳೆಂಟು ತಿಂಗಳ ಮೇಲೆ ಅಂಗವಿಕಲರ ಪಿಂಚಣಿಗೆ ಅರ್ಜಿ ಬರೆದುಕೊಡಿ ಎಂದು ಅವರ ಮಗ ಬಂದ. ಕೈಯಲ್ಲಿದ್ದ ಜವಳಿ ಅಂಗಡಿಯ ಚೀಲದ ತುಂಬ ಆಸ್ಪತ್ರೆಯ ಕಾಗದ. ಎಕ್ಸ್‌ರೇ, ಸಿಟಿ ಫಿಲ್ಮು, ಔಷಧಿ ಬಿಲ್ಲುಗಳ ನಡುವೆ ಡಿಸ್ಚಾರ್ಜ್ ಸಮರಿ ಸಿಕ್ಕಿತು. ಸೊಂಟದ ಮೊದಲನೇ ಮೂಳೆ ಒಡೆದು ಹೋಳಾಗಿದೆ, ಒಂದು ಚೂರು ಹಿಂದಕ್ಕೆ ಸರಿದು ನರದ ಕೊಳವೆಯನ್ನು ಒತ್ತಿದೆ, ಮೇಲೊಂದು ಕೆಳಗೊಂದು ಮೂಳೆಗೆ ಸ್ಕ್ರೂ ಬಿಗಿದು ರಾಡ್ ಹಾಕಿದ್ದೇವೆ ಎಂದೆಲ್ಲ ವಿವರವಾಗಿ ಬರೆದಿತ್ತು. ಕಾರಣ ಎಂಬಲ್ಲಿ ಮಾತ್ರ ಮೂರೇ ಪದ: ‘ಫಾಲ್ ಫ್ರಮ್ ಹೈಟ್’. ಹಾಕಿದ ಸ್ಕ್ರೂಗಳ ಅಳತೆ ಮಿಲಿಮೀಟರಿನಲ್ಲಿತ್ತು. ಬಿದ್ದ ಎತ್ತರ ಅಡಿಯಲ್ಲೂ ಇರಲಿಲ್ಲ.

ಬರೆದ ವೈದ್ಯರನ್ನು ದೂರಿ ಫಲವಿಲ್ಲ. ರಾತ್ರಿ ಪಾಳಿಯಲ್ಲಿ ಹತ್ತು ಕೇಸು ನೋಡುವ ಹುಡುಗನಿಗೆ ಅದು ಅಡಿಕೆ ಮರವೋ, ಹಲಸಿನ ಮರವೋ, ಕಟ್ಟುತ್ತಿರುವ ಮನೆಯ ತಾರಸಿಯೋ ಎಂಬುದು ಚಿಕಿತ್ಸೆಗೆ ಬೇಕಾದ ವಿಷಯವಲ್ಲ. ಆದರೆ ಆಸ್ಪತ್ರೆಯ ಸಂಶೋಧನೆ ಎಂದು ನಾವು ಏನನ್ನು ಕರೆಯುತ್ತೇವೋ ಅದಕ್ಕೆ ಇದೇ ಮೊದಲು ಬೇಕಾದ ವಿಷಯ. ಮಲೆನಾಡಿನಲ್ಲಿ ಬೆನ್ನುಮೂಳೆ ಮುರಿದುಕೊಂಡವರಿಗೇನೂ ಬರವಿಲ್ಲ. ಶಿವಮೊಗ್ಗದಲ್ಲಿ ಸಿಟಿ, ಎಂಆರ್‌ಐ ಯಂತ್ರಗಳಿವೆ, ಸರ್ಜನ್‌ಗಳಿದ್ದಾರೆ, ಮೆಗ್ಗಾನ್ ಆಸ್ಪತ್ರೆಯನ್ನು ಬೋಧನಾ ಆಸ್ಪತ್ರೆಯಾಗಿ ಇಟ್ಟುಕೊಂಡ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಕೊರತೆ ಇರುವುದು ರಿಜಿಸ್ಟರಿನ ಒಂದು ಕಾಲಂನಲ್ಲಿ ಎಂಬುದು ನನ್ನ ವಾದ. ಹೇಳಲು ಸಣ್ಣ ವಿಷಯ, ಹೌದು. ಅದರ ಪರಿಣಾಮ ಎಲ್ಲಿಯವರೆಗೆ ಹೋಗುತ್ತದೆ ಎಂಬುದನ್ನು ಮಾತ್ರ ಸ್ವಲ್ಪ ಬಿಡಿಸಿ ನೋಡಬೇಕು.

ಕಾಯಿಲೆ, ಗಾಯಗಳಿಗೆ ಜಗತ್ತಿನ ಆಸ್ಪತ್ರೆಗಳು ಬಳಸುತ್ತ ಬಂದ ಸಂಕೇತಪಟ್ಟಿ ಐಸಿಡಿ-10. ಅದರಲ್ಲಿ ಸೊಂಟದ ಮೂಳೆ ಮುರಿತಕ್ಕೆ ಎಸ್32 ಎಂಬ ಸಂಕೇತ. ‘ಮರದಿಂದ ಬಿದ್ದದ್ದು’ ಎಂಬುದಕ್ಕೂ ಪ್ರತ್ಯೇಕ ಸಂಕೇತವಿದೆ: ಡಬ್ಲ್ಯೂ14. ಏಣಿಯಿಂದ ಬಿದ್ದರೆ ಬೇರೆ, ಕಟ್ಟಡದಿಂದ ಬಿದ್ದರೆ ಬೇರೆ. ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಕೂತು ಪಟ್ಟಿ ಮಾಡಿದವರಿಗೆ ಹೊಳೆದ ವ್ಯತ್ಯಾಸ ಅಡಿಕೆ ಸೀಮೆಯ ಕೇಸ್ ಶೀಟಿನಲ್ಲಿ ಕಾಣೆಯಾಗುತ್ತದೆ. ಗಾಯದ ಸಂಕೇತ ಮಾತ್ರ ಹಾಕಿ ಕಾರಣದ ಸಂಕೇತ ಬಿಟ್ಟರೆ, ಕಂಪ್ಯೂಟರಿನಲ್ಲಿ ಕೊನೆಗಾರರೂ ಒಂದೇ, ಬಚ್ಚಲಲ್ಲಿ ಜಾರಿದ ಅಜ್ಜಿಯೂ ಒಂದೇ, ಬೈಕಿನಿಂದ ಉರುಳಿದ ಕಾಲೇಜು ಹುಡುಗನೂ ಒಂದೇ.

ರಸ್ತೆ ಅಪಘಾತದ ಕಥೆ ಹಾಗಲ್ಲ. ಅಲ್ಲಿ ಪೊಲೀಸ್ ಕೇಸಿದೆ, ವಿಮೆಯಿದೆ, ನ್ಯಾಯಮಂಡಳಿಯಿದೆ. ಹಾಗಾಗಿ ಲೆಕ್ಕವೂ ಇದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಎಂದು ಕೇಂದ್ರ ಸಾರಿಗೆ ಸಚಿವಾಲಯ ಕೊನೆಯ ಅಂಕಿಯವರೆಗೂ ಹೇಳುತ್ತದೆ. ಲೆಕ್ಕವಿದ್ದದ್ದರಿಂದಲೇ ಯೋಜನೆಯೂ ಬಂತು: 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆ. ಪಿಕಪ್ಪಿನಿಂದ ಬಿದ್ದು ಸೊಂಟ ಮುರಿದರೆ ಆ ಯೋಜನೆ ಸಿಗುತ್ತದೆ, ಪಿಕಪ್ಪು ನಿಲ್ಲಿಸಿದ ಜಾಗದ ಪಕ್ಕದ ಮರದಿಂದ ಬಿದ್ದರೆ ಇಲ್ಲ. ಮರದಿಂದ ಬಿದ್ದವನು ಪೊಲೀಸ್ ಲೆಕ್ಕಕ್ಕೆ ಖಂಡಿತವಾಗಿ ಸೇರಬೇಕೆಂದರೆ ಸಾಯಬೇಕು. ಬದುಕಿ, ಎರಡೂ ಕಾಲಿನ ಸ್ವಾಧೀನ ತಪ್ಪಿ, ಜಗಲಿಯ ಮಂಚಕ್ಕೆ ಸೇರಿದವನನ್ನು ಯಾವ ಇಲಾಖೆಯೂ ಎಣಿಸಿದ್ದು ನಾನು ಕಂಡಿಲ್ಲ.

ಹಾಗೆಂದು ಎಣಿಸುವುದು ಮಲೆನಾಡಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಜತೆಗೆ ಕಾಡಿಗೆ ಹೋಗಿ ಬಂದವರಿಗೆ ಜ್ವರ. ಸತ್ತ ಮಂಗಗಳನ್ನೂ ಮೈಗೆ ಹತ್ತಿ ರಕ್ತ ಹೀರುವ ಉಣುಗುಗಳನ್ನೂ ಜ್ವರ ಬಂದ ಮನೆಗಳನ್ನೂ ಸೇರಿಸಿ ನೋಡಿದ್ದರಿಂದಲೇ ಮಂಗನ ಕಾಯಿಲೆಯ ಹೊಸ ವೈರಸ್ ಸಿಕ್ಕಿತು. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಕ್ಯಾಸನೂರು ಎಂಬ ಹೆಸರು ಇವತ್ತಿಗೂ ಇದೆ. ಈಗಲೂ ತೀರ್ಥಹಳ್ಳಿ, ಸಾಗರದ ಕಡೆ ಕಾಡಂಚಿನಲ್ಲಿ ಮಂಗ ಸತ್ತು ಬಿದ್ದರೆ ಆರೋಗ್ಯ ಇಲಾಖೆಗೆ ಫೋನು ಹೋಗುತ್ತದೆ. ಸಿಬ್ಬಂದಿ ಬರುತ್ತಾರೆ, ಜಾಗ ಗುರುತಿಸುತ್ತಾರೆ, ಮಾದರಿ ತೆಗೆಯುತ್ತಾರೆ, ಹೆಣ ಸುಡುತ್ತಾರೆ, ಸುತ್ತಲಿನವರಿಗೆ ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಎಣ್ಣೆ ಕೊಡುತ್ತಾರೆ. ಒಳ್ಳೆಯ ವ್ಯವಸ್ಥೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಮರದಿಂದ ಬಿದ್ದ ಮಂಗನಿಗೆ ನಮ್ಮಲ್ಲೊಂದು ನಮೂನೆ ಇದೆ, ಮರದಿಂದ ಬಿದ್ದ ಮನುಷ್ಯನಿಗೆ ಇಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಇನ್ನೊಂದು ಉದಾಹರಣೆ ಮೂಳೆಯದ್ದೇ. ಸಾಗರ ತಾಲ್ಲೂಕಿನ ಹಂದಿಗೋಡು. ಎಪ್ಪತ್ತರ ದಶಕದ ನಡುವಿನಲ್ಲಿ ಅಲ್ಲಿನ ದಲಿತ ಕೂಲಿಕಾರ ಕುಟುಂಬಗಳಲ್ಲಿ ಸೊಂಟ, ಮಂಡಿ ಸೆಟೆದು ನಡೆಯಲಾಗದವರು ಒಬ್ಬೊಬ್ಬರಾಗಿ ಬೆಳಕಿಗೆ ಬಂದರು. ಗದ್ದೆಗೆ ಹೊಡೆದ ಕೀಟನಾಶಕ ಏಡಿಯ ಮೂಲಕ ಹೊಟ್ಟೆ ಸೇರಿ ಹೀಗಾಗಿದೆ ಎಂಬುದು ಆಗ ಬಲವಾಗಿ ಹಬ್ಬಿದ ಅನುಮಾನ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದು ನೋಡಿದರು, ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಅಧ್ಯಯನಗಳಾದವು. ಕುಟುಂಬ ಕುಟುಂಬವಾಗಿ ಎಕ್ಸ್‌ರೇ ತೆಗೆದು ಸಾಲಾಗಿ ಇಟ್ಟಾಗ ಬೆನ್ನುಮೂಳೆಯ ಮಣಿಗಳೂ ಮೂಳೆಯ ತುದಿಗಳೂ ಒಂದೇ ಬಗೆಯಲ್ಲಿ ತಪ್ಪಾಗಿ ಬೆಳೆದದ್ದು ಕಂಡಿತು. ತಲೆಮಾರಿನಿಂದ ತಲೆಮಾರಿಗೆ ಇಳಿಯುವ, ಅಪ್ಪ ಅಥವಾ ಅಮ್ಮ ಒಬ್ಬರಿಂದ ಬಂದರೂ ಸಾಕಾಗುವ ಮೂಳೆಯ ದೋಷ ಇದು ಎಂಬ ರೇಡಿಯಾಲಜಿ ಅಧ್ಯಯನ 1994ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಎಕ್ಸ್‌ರೇಯಂಥ ಹಳೆಯ ಯಂತ್ರವೇ ಸಾಕಾಯಿತು, ಯಾಕೆಂದರೆ ಯಾರ ಮಗ, ಯಾರ ಮೊಮ್ಮಗಳು ಎಂಬ ವಂಶಾವಳಿಯನ್ನು ಯಾರೋ ತಾಳ್ಮೆಯಿಂದ ಬರೆದುಕೊಂಡಿದ್ದರು. ಊರಿನ ಹೆಸರೇ ಕಾಯಿಲೆಯ ಹೆಸರಾಗಿ, ಅಲ್ಲಿಯವರು ಪರಿಹಾರಕ್ಕಾಗಿ ದಶಕಗಟ್ಟಲೆ ಅಲೆಯಬೇಕಾಗಿ ಬಂದದ್ದು ಅದೇ ಸಂಶೋಧನೆಯ ಇನ್ನೊಂದು ಮುಖ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಸೂಜಿ ಮತ್ತು ಹತ್ತಿ

ಮರದಿಂದ ಬಿದ್ದವನ ಮೈಯೊಳಗೆ ಆಗುವುದೇನು? ಎದೆಯ ಭಾಗದ ಬೆನ್ನುಮೂಳೆಗೆ ಪಕ್ಕೆಲುಬುಗಳ ಗೂಡು ಕಟ್ಟಿದೆ, ಅದು ಬಾಗುವುದು ಕಡಿಮೆ. ಸೊಂಟದ ಭಾಗ ಸಲೀಸಾಗಿ ಬಾಗುತ್ತದೆ. ಬಿಗಿಯಾದದ್ದು ಮುಗಿದು ಸಡಿಲವಾದದ್ದು ಶುರುವಾಗುವ ಆ ಗಡಿಯಲ್ಲಿ, ಅಂದರೆ ಎದೆಯ ಹನ್ನೆರಡನೇ ಮತ್ತು ಸೊಂಟದ ಮೊದಲನೇ ಮಣಿಯ ಹತ್ತಿರ, ಹೊಡೆತ ಹೆಚ್ಚು. ಕಾಲೂರಿಯೋ ಕುಂಡೆಯೂರಿಯೋ ಬಿದ್ದಾಗ ಮೈಭಾರವೆಲ್ಲ ನೆಟ್ಟಗೆ ಅಲ್ಲಿಗೆ ಬಂದು ಮಣಿ ಒಡೆಯುತ್ತದೆ. ಹಿಮ್ಮಡಿ ಮುರಿದುಕೊಂಡು ಬಂದವನ ಸೊಂಟವನ್ನೂ ನೋಡದೆ ಬಿಡಬೇಡಿ ಎಂದು ಮೂಳೆ ವೈದ್ಯರಿಗೆ ಕಲಿಸುವುದು ಇದೇ ಕಾರಣಕ್ಕೆ. ಬೆನ್ನುಹುರಿ ಮುಗಿಯುವುದೂ ಸುಮಾರು ಅದೇ ಮಟ್ಟದಲ್ಲಿ. ಹಾಗಾಗಿ ಒಂದಿಂಚು ಮೇಲೆ ಕೆಳಗೆ ಆದರೂ ಕಾಲು, ಮೂತ್ರ, ಮಲ ಇವುಗಳ ಹಣೆಬರಹ ಬದಲಾಗುತ್ತದೆ. ಮೂಳೆ ಮುರಿದವನನ್ನು ಕುರ್ಚಿಯಲ್ಲಿ ಮಡಿಸಿ ಕೂರಿಸಿ ಸಂಕ ದಾಟಿಸುವುದು ಯಾಕೆ ಅಪಾಯ ಎಂದು ಇದರಿಂದಲೇ ಊಹಿಸಬಹುದು. ಒಂದು ಹಲಗೆ, ಒಂದು ಬಾಗಿಲು, ಅದೂ ಇಲ್ಲದಿದ್ದರೆ ದಪ್ಪ ಏಣಿಯ ಮೇಲೆ ಅಂಗಾತ ಮಲಗಿಸಿ, ತಲೆಯಿಂದ ಸೊಂಟದವರೆಗೆ ಒಂದೇ ತುಂಡಿನಂತೆ ಹೊರಳಿಸಿ ಒಯ್ಯಬೇಕು.

ಆಸ್ಪತ್ರೆಗೆ ಬಂದಾಗ ನರದ ಗಾಯ ಎಷ್ಟು ಎಂದು ಅಳೆಯುವ ಕ್ರಮಕ್ಕೆ ಯಂತ್ರವೇ ಬೇಡ. ಒಂದು ಗುಂಡುಸೂಜಿ, ಒಂದು ಚೂರು ಹತ್ತಿ. ಮೈಯ ಎಡಕ್ಕೂ ಬಲಕ್ಕೂ ತಲಾ 28 ಜಾಗದಲ್ಲಿ ಸೂಜಿ ಚುಚ್ಚಿ, ಹತ್ತಿ ಸವರಿ ಗೊತ್ತಾಗುತ್ತಿದೆಯೇ ಎಂದು ಕೇಳಬೇಕು. ಒಂದೊಂದು ಪಕ್ಕದಲ್ಲಿ ಹತ್ತು ಸ್ನಾಯುಗಳ ಬಲಕ್ಕೆ ಸೊನ್ನೆಯಿಂದ ಐದರವರೆಗೆ ಅಂಕ, ಎರಡೂ ಪಕ್ಕ ಸೇರಿ ನೂರು. ಗುದದ್ವಾರದ ಬಳಿ ಸ್ಪರ್ಶ ಗೊತ್ತಾಗುತ್ತದೆಯೇ, ಅಲ್ಲಿನ ಸ್ನಾಯು ಬಿಗಿಯುತ್ತದೆಯೇ ಎಂಬುದು ಎಲ್ಲಕ್ಕಿಂತ ಮುಖ್ಯ, ಯಾಕೆಂದರೆ ಗಾಯ ಪೂರ್ತಿಯದೋ ಅರೆಬರೆಯೋ ಎಂದು ತೀರ್ಮಾನವಾಗುವುದು ಅಲ್ಲಿ. ಅದರ ಮೇಲೆ ‘ಎ’ಯಿಂದ ‘ಇ’ವರೆಗೆ ಒಂದು ಗ್ರೇಡು: ಎ ಎಂದರೆ ಅಲ್ಲಿ ಏನೂ ಉಳಿದಿಲ್ಲ, ಇ ಎಂದರೆ ಎಲ್ಲ ಸರಿಯಿದೆ. ಸಂಶೋಧನೆಯ ದೃಷ್ಟಿಯಿಂದ ಇಡೀ ಫೈಲಿನಲ್ಲಿ ಇದಕ್ಕಿಂತ ಬೆಲೆಬಾಳುವ ಹಾಳೆ ಇಲ್ಲ. ಖರ್ಚು ಅರ್ಧ ಗಂಟೆ ಸಮಯ ಮಾತ್ರ. ನನ್ನೆದುರಿಗಿದ್ದ ಚೀಲದಲ್ಲಿ ಆ ಹಾಳೆ ಇರಲಿಲ್ಲ. ‘ಎರಡೂ ಕಾಲು ದುರ್ಬಲ’ ಎಂದಿತ್ತು. ಬಂದ ದಿನ ಎಷ್ಟಿತ್ತು ಎಂದು ಬರೆದಿಡದಿದ್ದರೆ ಆರು ತಿಂಗಳ ಮೇಲೆ ಎಷ್ಟು ಸುಧಾರಿಸಿತು ಎಂದು ಹೇಳುವುದು ಹೇಗೆ?

ಇಲ್ಲಿ ಒಬ್ಬರು ಕೇಳಬಹುದು: ಚಿಕಿತ್ಸೆ ಹೇಗೂ ಪುಸ್ತಕದಲ್ಲಿದೆ, ಅಮೆರಿಕದಲ್ಲೋ ಯುರೋಪಿನಲ್ಲೋ ಸಂಶೋಧನೆ ಆಗಿದೆ, ನಮ್ಮಲ್ಲಿ ಮತ್ತೆ ಯಾಕೆ? ಪುಸ್ತಕದಲ್ಲಿದ್ದದ್ದು ಎಷ್ಟು ಸಲ ಮಗುಚಿಬಿದ್ದಿದೆ ಎಂದು ನೋಡಿದರೆ ಉತ್ತರ ಸಿಗುತ್ತದೆ. 1990ರಲ್ಲಿ ಅಮೆರಿಕದ ಒಂದು ದೊಡ್ಡ ಪ್ರಯೋಗದ ನಂತರ ಬೆನ್ನುಹುರಿ ಗಾಯಕ್ಕೆ ಎಂಟು ಗಂಟೆಯೊಳಗೆ ಭಾರೀ ಪ್ರಮಾಣದಲ್ಲಿ ಸ್ಟಿರಾಯ್ಡ್ ಕೊಡುವುದು ಎಲ್ಲೆಡೆ ರೂಢಿಯಾಯಿತು. ಆ ಪ್ರಯೋಗದಲ್ಲಿ ಒಟ್ಟು ರೋಗಿಗಳನ್ನು ತೆಗೆದುಕೊಂಡರೆ ಲಾಭ ಕಂಡಿರಲಿಲ್ಲ. ಎಂಟು ಗಂಟೆಯೊಳಗೆ ಬಂದವರನ್ನು ಬೇರೆ ಮಾಡಿ ಲೆಕ್ಕ ಹಾಕಿದಾಗ ಕಂಡಿತ್ತು. ಹೀಗೆ ಆಮೇಲೆ ಕತ್ತರಿಸಿ ನೋಡಿದ ಲೆಕ್ಕವನ್ನು ನಂಬಿ ವರ್ಷಗಟ್ಟಲೆ ಔಷಧಿ ಹರಿಯಿತು. ಕ್ರಮೇಣ ಸೋಂಕು, ರಕ್ತಸ್ರಾವದ ತೊಂದರೆಗಳು ಲೆಕ್ಕಕ್ಕೆ ಬಂದು ಆ ಉತ್ಸಾಹ ಇಳಿಯಿತು. ತಲೆಗೆ ಪೆಟ್ಟಾದವರ ಕಥೆ ಇನ್ನೂ ಕಟು. ಅಲ್ಲಿಯೂ ಸ್ಟಿರಾಯ್ಡ್ ಕೊಡುತ್ತಿದ್ದರು. 2004ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ‘ಕ್ರ್ಯಾಶ್’ ಪ್ರಯೋಗದ ಫಲ ಬಂತು: ಎರಡು ವಾರದೊಳಗೆ ಸತ್ತವರು ಸ್ಟಿರಾಯ್ಡ್ ಕೊಟ್ಟವರಲ್ಲಿ ನೂರಕ್ಕೆ 21.1, ಕೊಡದವರಲ್ಲಿ 17.9. ಇಪ್ಪತ್ತು ಸಾವಿರ ಜನರನ್ನು ಸೇರಿಸಬೇಕೆಂದಿದ್ದ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. ನೂರರಲ್ಲಿ ಮೂರು ಸಾವಿನ ವ್ಯತ್ಯಾಸ ಒಬ್ಬ ವೈದ್ಯನ ಜೀವಮಾನದ ಅನುಭವಕ್ಕೆ ಕಾಣುವುದಿಲ್ಲ. ಅವನ ಕಣ್ಣಿಗೆ ಬದುಕಿದವರೆಲ್ಲ ಔಷಧಿಯಿಂದಲೇ ಬದುಕಿದಂತೆ ತೋರುತ್ತದೆ.

ಅದೇ ಬಳಗ 2010ರಲ್ಲಿ ಕೊಟ್ಟ ಇನ್ನೊಂದು ಫಲಿತಾಂಶ ಸಂತೋಷದ್ದು. ರಕ್ತ ಹೆಪ್ಪುಗಟ್ಟಿದ್ದು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಅಗ್ಗದ ಇಂಜೆಕ್ಷನ್ನು 40 ದೇಶಗಳ 274 ಆಸ್ಪತ್ರೆಗಳಲ್ಲಿ, ಭಾರತದ ಆಸ್ಪತ್ರೆಗಳೂ ಸೇರಿ, 20,211 ಗಾಯಾಳುಗಳಲ್ಲಿ ಪರೀಕ್ಷಿಸಿದರು. ಸಾವು ನೂರಕ್ಕೆ 16ರಿಂದ 14.5ಕ್ಕೆ ಇಳಿಯಿತು. ಒಂದೇ ಷರತ್ತು: ಮೂರು ಗಂಟೆಯೊಳಗೆ ಕೊಡಬೇಕು. ತಡವಾಗಿ ಕೊಟ್ಟವರಲ್ಲಿ ರಕ್ತಸ್ರಾವದ ಸಾವು ಹೆಚ್ಚಿತ್ತು. ಈ ಮೂರು ಗಂಟೆ ಎಂಬ ಮಾತು ಬೆಂಗಳೂರಿನವರಿಗೆ ಒಂದು ಅರ್ಥ, ಹೊಸನಗರ ತಾಲ್ಲೂಕಿನ ನಗರ-ನಿಟ್ಟೂರು ಕಡೆಯವರಿಗೆ ಬೇರೆ ಅರ್ಥ.

ರಾಡೋ, ಬೆಲ್ಟೋ?

ನನ್ನ ಪ್ರಕಾರ ಮಲೆನಾಡಿನ ಆಸ್ಪತ್ರೆಗಳು ತಾವೇ ಕೇಳಿ ತಾವೇ ಉತ್ತರ ಹುಡುಕಬೇಕಾದ ಪ್ರಶ್ನೆ ಇದು. ಸೊಂಟದ ಮಣಿ ಒಡೆದಿದೆ, ಆದರೆ ಕಾಲಿನ ಬಲಕ್ಕೆ ಏನೂ ಆಗಿಲ್ಲ. ಆಪರೇಷನ್ ಮಾಡಿ ಸ್ಕ್ರೂ-ರಾಡ್ ಹಾಕಬೇಕೋ, ಬೆಲ್ಟು ಕಟ್ಟಿ ಮಲಗಿಸಿದರೆ ಸಾಕೋ? 2003ರಲ್ಲಿ ಅಮೆರಿಕದಲ್ಲಿ ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದ ಪ್ರಯೋಗದಲ್ಲಿ ದೊಡ್ಡ ವ್ಯತ್ಯಾಸ ಸಿಗಲಿಲ್ಲ. ಅದೇ ರೋಗಿಗಳನ್ನು 16ರಿಂದ 22 ವರ್ಷಗಳ ನಂತರ ಮತ್ತೆ ನೋಡಿದರೆ ಆಪರೇಷನ್ ಆಗದವರೇ ಕಡಿಮೆ ನೋವಿನಲ್ಲಿದ್ದರು. 2006ರಲ್ಲಿ ನೆದರ್ಲೆಂಡ್ಸಿನ ಇನ್ನೊಂದು ಪ್ರಯೋಗ ಆಪರೇಷನ್ನೇ ಮೇಲು ಎಂದಿತು. ಎರಡರಲ್ಲೂ ಕೊನೆಯವರೆಗೆ ಹಿಂಬಾಲಿಸಿದ ರೋಗಿಗಳ ಸಂಖ್ಯೆ ಐವತ್ತು ದಾಟುವುದಿಲ್ಲ. ಅಂದರೆ ಜಗತ್ತಿಗೇ ಇನ್ನೂ ಗಟ್ಟಿ ಉತ್ತರ ಬೇಕಾಗಿದೆ, ಅದನ್ನು ಕೊಡಬಲ್ಲಷ್ಟು ರೋಗಿಗಳು ಅಡಿಕೆ, ತೆಂಗಿನ ಮರ, ಕಾಳುಮೆಣಸಿನ ಬಳ್ಳಿ ಹಬ್ಬಿದ ಮರ ಹತ್ತುವ ಜಿಲ್ಲೆಗಳಲ್ಲಿದ್ದಾರೆ.

ಆದರೆ ‘ವಾಸಿಯಾಯಿತು’ ಎಂದರೆ ಏನು? ಬೆನ್ನುನೋವಿನ ಸಂಶೋಧನೆಯಲ್ಲಿ ಹೆಚ್ಚು ಬಳಸುವ ಆಸ್ವೆಸ್ಟ್ರಿ ಪ್ರಶ್ನಾವಳಿ ಇಂಗ್ಲೆಂಡಿನದು, 1980ರದ್ದು. ಎಷ್ಟು ಹೊತ್ತು ಕುರ್ಚಿಯಲ್ಲಿ ಕೂರಬಲ್ಲಿರಿ, ಎಷ್ಟು ದೂರ ನಡೆಯಬಲ್ಲಿರಿ, ಭಾರ ಎತ್ತಬಲ್ಲಿರಾ ಎಂದು ಕೇಳುತ್ತದೆ. ನಮ್ಮ ಕಡೆ ಸುಗ್ಗಿಯಲ್ಲಿ ಹೆಂಗಸರು ಮೆಟ್ಟುಗತ್ತಿಯ ಮೇಲೆ ಒಂದು ಕಾಲು ಮಡಿಸಿ ಕೂತು, ಸೊಂಟ ಬಾಗಿಸಿ, ನಡುರಾತ್ರಿಯವರೆಗೆ ಅಡಿಕೆ ಸುಲಿಯುತ್ತಾರೆ. ಅವರ ಸೊಂಟ ಸರಿಯಾಯಿತೇ ಎಂದು ತಿಳಿಯಲು ಕುರ್ಚಿಯ ಪ್ರಶ್ನೆ ಸಾಲುತ್ತದೆಯೇ? ಕೊನೆಗಾರನಿಗಂತೂ ಮರ ಹತ್ತಿ, ತುದಿಯಲ್ಲಿ ಕೂತು, ಪಕ್ಕದ ಮರವನ್ನು ಎಳೆದುಕೊಂಡು ಅದಕ್ಕೆ ದಾಟಿದರೆ ಮಾತ್ರ ವಾಸಿ. ಅದಕ್ಕಿಂತ ಕಡಿಮೆ ಆದರೆ ಅವನ ಕಸುಬು ಹೋಯಿತು. ಡೆಸ್ಕಿನ ಕೆಲಸದವನಿಗೆ ಬೆಲ್ಟು ಸಾಕೆಂಬ ಉತ್ತರ ಇವನಿಗೂ ಸರಿಹೋಗಬಹುದು, ಹೋಗದೆಯೂ ಇರಬಹುದು. ಪ್ರಶ್ನಾವಳಿಯನ್ನು ಕನ್ನಡಕ್ಕೆ ಅನುವಾದಿಸಿದರೆ ಈ ಕೆಲಸ ಮುಗಿಯದು. ಸಂಡಾಸಿನಲ್ಲಿ ಕುಕ್ಕರಗಾಲಲ್ಲಿ ಕೂರುವುದು, ಒದ್ದೆ ಕಾಲುಹಾದಿಯಲ್ಲಿ ಸೊಪ್ಪಿನ ಹೊರೆ ಹೊರುವುದು ಅದರೊಳಗೆ ಬರಬೇಕು, ಬಂದಮೇಲೆ ಇಲ್ಲಿನವರನ್ನೇ ಕೇಳಿ ಪರಖಾಯಿಸಬೇಕು.

ರೇಡಿಯಾಲಜಿ ವಿಭಾಗದಲ್ಲಿ ಇದೇ ಮಾತು ಇನ್ನೊಂದು ರೂಪದಲ್ಲಿ ಬರುತ್ತದೆ. ನಮ್ಮೂರಲ್ಲಿ ಎಂಆರ್‌ಐ ರಿಪೋರ್ಟು ಜಾತಕದಂತೆ. ‘ಎಲ್4-ಎಲ್5 ಡಿಸ್ಕ್ ಬಲ್ಜ್’ (ಸೊಂಟದ ಎರಡು ಮಣಿಗಳ ನಡುವಿನ ಮೆತ್ತೆ ಉಬ್ಬಿದೆ) ಎಂದು ಓದಿದ ಕೂಡಲೇ ಮನುಷ್ಯ ಬಾಗುವುದನ್ನು ಬಿಡುತ್ತಾನೆ, ಕೆಲವರು ಗದ್ದೆಯನ್ನೇ ಗೇಣಿಗೆ ಕೊಡುತ್ತಾರೆ. ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನುಗಳನ್ನು ಹಲವು ಅಧ್ಯಯನಗಳಿಂದ ಒಟ್ಟುಗೂಡಿಸಿ 2015ರಲ್ಲಿ ಒಂದು ವಿಮರ್ಶೆ ಬಂತು. ಇಪ್ಪತ್ತು ವಯಸ್ಸಿನವರಲ್ಲಿ ನೂರಕ್ಕೆ 30, ಐವತ್ತರವರಲ್ಲಿ 60, ಎಂಬತ್ತರವರಲ್ಲಿ 84 ಮಂದಿಗೆ ಡಿಸ್ಕ್ ಉಬ್ಬಿತ್ತು. ಯಾರಿಗೂ ನೋವಿರಲಿಲ್ಲ. ಡಿಸ್ಕಿನ ಉಬ್ಬು ಬಹುಮಟ್ಟಿಗೆ ತಲೆಗೂದಲು ನೆರೆತ ಹಾಗೆ. ಹಾಗಿದ್ದರೆ ನಲವತ್ತು ವರ್ಷ ಮರ ಹತ್ತಿದವರ, ಮೂಟೆ ಹೊತ್ತವರ ಬೆನ್ನು ಎಂಆರ್‌ಐಯಲ್ಲಿ ಹೇಗಿರುತ್ತದೆ? ನೋವಿಲ್ಲದ ಕೊನೆಗಾರರನ್ನು ಸ್ಕ್ಯಾನ್ ಮಾಡಿ ನೋಡಿದರೆ ಮಾತ್ರ, ನೋವಿದ್ದವನ ಸ್ಕ್ಯಾನಿನಲ್ಲಿ ಕಂಡದ್ದು ನೋವಿನ ಕಾರಣವೋ, ವಯಸ್ಸಿನ ಗುರುತೋ ಎಂದು ಹೇಳಲು ಬಂದೀತು.

ಇನ್ನು ಹೊತ್ತಿನ ಲೆಕ್ಕ. ಕುತ್ತಿಗೆಯ ಬೆನ್ನುಹುರಿಗೆ ಪೆಟ್ಟಾದ 313 ಮಂದಿಯನ್ನು ಸೇರಿಸಿಕೊಂಡು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 24 ಗಂಟೆಯೊಳಗೆ ಆಪರೇಷನ್ ಆದವರಲ್ಲಿ ಎರಡು ಗ್ರೇಡು ಅಥವಾ ಅದಕ್ಕಿಂತ ಹೆಚ್ಚು ಸುಧಾರಿಸಿದವರು ಸುಮಾರು ನೂರಕ್ಕೆ 20, ತಡವಾದವರಲ್ಲಿ 9. ಚೀಟಿ ಎತ್ತಿ ಮಾಡಿದ ಪ್ರಯೋಗವಲ್ಲ ಅದು, ಹಾಗಾಗಿ ಕೊನೆಯ ಮಾತೂ ಅಲ್ಲ. ಆದರೂ ನಮ್ಮಲ್ಲಿ ಆ 24 ಗಂಟೆ ಎಲ್ಲಿ ಖರ್ಚಾಗುತ್ತದೆ? ಮೊದಲು ಎಣ್ಣೆ ತಿಕ್ಕುವವರು, ಎಲುಬು ಕಟ್ಟುವವರು. ಆಮೇಲೆ ತಾಲ್ಲೂಕು ಆಸ್ಪತ್ರೆ, ಎಕ್ಸ್‌ರೇ, ರೆಫರ್ ಚೀಟಿ. ಕೆಲವರು ಶಿವಮೊಗ್ಗಕ್ಕೆ, ತೀರ್ಥಹಳ್ಳಿ ಕಡೆಯವರು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ. ಅಲ್ಲಿ ಕಾರ್ಡು, ಅನುಮತಿ, ಒಳಗೆ ಹಾಕುವ ಸಾಮಾನಿನ ದುಡ್ಡು. ಶರಾವತಿ ಹಿನ್ನೀರಿನಾಚೆ ತುಮರಿ ಸೀಮೆಯವರಿಗೆ ರಾತ್ರಿ ಲಾಂಚ್ ಇಲ್ಲದಿದ್ದರೆ ಬೆಳಗಾಗುವವರೆಗೆ ಕಾಯುವುದು ಅಥವಾ ಸುತ್ತಿ ಬರುವುದಾಗಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ಕಾಯುವಿಕೆ ತಪ್ಪಿತು. ಸೇತುವೆಗೆ ಮುಂಚೆ ಆ ದಡದಿಂದ ಬಂದ ಗಾಯಾಳುಗಳು ಎಷ್ಟು ಹೊತ್ತಿಗೆ ಆಸ್ಪತ್ರೆ ಮುಟ್ಟುತ್ತಿದ್ದರು, ಈಗ ಎಷ್ಟು ಹೊತ್ತಿಗೆ, ಅದರಿಂದ ಕಾಲಿನ ಬಲದಲ್ಲಿ ಏನಾದರೂ ವ್ಯತ್ಯಾಸವಾಯಿತೇ? ಯಾವ ಸಂಶೋಧಕನೂ ತಾನಾಗಿ ಏರ್ಪಡಿಸಲಾಗದ ಪ್ರಯೋಗವೊಂದನ್ನು ಸೇತುವೆ ಕಟ್ಟಿದವರು ಮಾಡಿಟ್ಟಿದ್ದಾರೆ. ಬಿದ್ದ ಹೊತ್ತು, ಮುಟ್ಟಿದ ಹೊತ್ತು ಎಂಬ ಎರಡು ಗಡಿಯಾರದ ಅಂಕಿ ಕೇಸ್ ಶೀಟಿನಲ್ಲಿದ್ದರೆ ಉತ್ತರ ಅಲ್ಲಿಯೇ ಇದೆ.

ಹಾಗಾದರೆ ಸಂಶೋಧನೆ ನಡೆಯುತ್ತಲೇ ಇಲ್ಲವೇ? ನಡೆಯುತ್ತದೆ. ಎಂಡಿ, ಎಂಎಸ್ ಓದುವ ಪ್ರತಿಯೊಬ್ಬರೂ ಥೀಸಿಸ್ ಬರೆಯಲೇಬೇಕು. ತೊಡಕಿರುವುದು ಅದರ ಆಯಸ್ಸಿನಲ್ಲಿ. ಮೂರು ವರ್ಷದ ಕೋರ್ಸು. ಮೊದಲ ವರ್ಷ ಸಿನಾಪ್ಸಿಸ್ (ಅಧ್ಯಯನದ ರೂಪುರೇಷೆ) ಬರೆದು ಒಪ್ಪಿಗೆ ಪಡೆಯುವುದರಲ್ಲಿ ಹೋಗುತ್ತದೆ, ಕೊನೆಯ ತಿಂಗಳುಗಳು ಪರೀಕ್ಷೆಗೆ. ನಡುವೆ ಉಳಿದ ಒಂದೂವರೆ ವರ್ಷದಲ್ಲಿ ಮೂವತ್ತೋ ಐವತ್ತೋ ರೋಗಿಗಳನ್ನು ಸೇರಿಸಿ, ಆರು ತಿಂಗಳು ನೋಡಿ ಬರೆದು ಮುಗಿಸಬೇಕು. ಬೆನ್ನುಹುರಿಯ ಚೇತರಿಕೆ ವರ್ಷ ದಾಟಿ ನಡೆಯುವಂಥದ್ದು. ಹಾಗಾಗಿ ಪ್ರಶ್ನೆ ಹುಟ್ಟುವುದೇ ಕ್ಯಾಲೆಂಡರ್ ನೋಡಿಕೊಂಡು. ಮುಂದಿನ ವರ್ಷ ಬಂದ ಪಿಜಿ ವಿದ್ಯಾರ್ಥಿ ಬೇರೆ ವಿಷಯ ಎತ್ತಿಕೊಳ್ಳುತ್ತಾನೆ, ಹಳೆಯ ರೋಗಿಗಳ ಪಟ್ಟಿ ರಟ್ಟಿನ ಹೊದಿಕೆಯೊಳಗೆ ಲೈಬ್ರರಿ ಸೇರುತ್ತದೆ. ಒಬ್ಬೊಬ್ಬರೂ ಹೊಸ ಬಾವಿ ತೋಡುವ ಬದಲು ಒಂದೇ ಬಾವಿಯನ್ನು ಆಳ ಮಾಡುತ್ತ ಹೋಗಬಾರದೇ? ಬಂದ ಪ್ರತಿ ಬೆನ್ನುಮೂಳೆ ಗಾಯವನ್ನೂ ಒಂದೇ ನಮೂನೆಯಲ್ಲಿ ಬರೆದಿಡುವ ರಿಜಿಸ್ಟ್ರಿ ಇದ್ದರೆ, ಹತ್ತು ಪಿಜಿಗಳು ಹತ್ತು ವರ್ಷ ಅದನ್ನೇ ತುಂಬುತ್ತ, ಅದರಿಂದಲೇ ತಮ್ಮ ತಮ್ಮ ಥೀಸಿಸ್ ತೆಗೆಯಬಹುದು. ಚಿಕ್ಕಮಗಳೂರು, ಉತ್ತರ ಕನ್ನಡ, ಹಾಸನ, ಕೊಡಗಿನ ವೈದ್ಯಕೀಯ ಕಾಲೇಜುಗಳೂ ಅದೇ ನಮೂನೆ ಹಿಡಿದರೆ ಸಂಖ್ಯೆಯ ಚಿಂತೆ ಇರದು.

ಇದಕ್ಕೆ ಅಡ್ಡ ಬರುವುದು ಹಿಂಬಾಲಿಸುವ ಕಷ್ಟ. ಆರು ತಿಂಗಳಿಗೆ ಬನ್ನಿ ಎಂದರೆ ಬರುವವರು ಯಾರು? ಬಸ್ಸು ಹತ್ತುವಷ್ಟು ಚೆನ್ನಾಗಿರುವವರು ಒಂದಿಷ್ಟು, ತೀರಾ ಹದಗೆಟ್ಟವರು ಒಂದಿಷ್ಟು. ನಡುವಿನವರು ಮನೆಯಲ್ಲೇ ಉಳಿಯುತ್ತಾರೆ. ಬಂದವರನ್ನಷ್ಟೇ ಎಣಿಸಿದ ಫಲಿತಾಂಶ ಯಾರ ಕಥೆಯನ್ನೂ ಸರಿಯಾಗಿ ಹೇಳುವುದಿಲ್ಲ. ಫೋನ್ ಮಾಡೋಣವೆಂದರೆ ಗುಡ್ಡ ಹತ್ತಿದರೆ ಮಾತ್ರ ನೆಟ್‌ವರ್ಕು. ಆಶಾ ಕಾರ್ಯಕರ್ತೆಯರಿಗೆ ಆ ಮನೆಯ ದಾರಿ ಗೊತ್ತು, ನಾಯಿ ಕಚ್ಚುತ್ತದೆಯೋ ಇಲ್ಲವೋ ಎಂಬುದೂ ಗೊತ್ತು. ಅವರಿಗೆ ತರಬೇತಿ ಕೊಟ್ಟು, ತಕ್ಕ ಸಂಭಾವನೆಯನ್ನೂ ಕೊಟ್ಟರೆ (ಈ ಎರಡನೆಯದನ್ನು ಮರೆಯುವುದು ನಮ್ಮ ಅಭ್ಯಾಸ) ಅರ್ಧ ಸಮಸ್ಯೆ ಬಗೆಹರಿದೀತು.

ಇನ್ನು ಸಹಿಯ ಪ್ರಶ್ನೆ. ಒಮ್ಮೆ ಸಂಬಂಧಿಕರೊಬ್ಬರನ್ನು ನೋಡಲು ಹೋದಾಗ ಪಕ್ಕದ ಮಂಚದ ಅಮ್ಮನಿಗೆ ಯುವ ವೈದ್ಯರೊಬ್ಬರು ಸಮ್ಮತಿ ಪತ್ರ ಹಿಡಿದು ನಿಂತಿದ್ದರು. “ಎಂತದ್ದಕ್ಕೆ ಸಾರ್ ಇದು?” ಎಂದರು ಆಕೆ. “ಸ್ಟಡಿಗೆ ಅಮ್ಮ, ಏನಿಲ್ಲ, ಒಂದು ಸಹಿ ಅಷ್ಟೇ.” ಆಕೆ ಮಗನ ಮುಖ ನೋಡಿ, “ಪ್ರಯೋಗ ಗಿಯೋಗ ಮಾಡ್ತಾರನಾ?” ಎಂದು ಪಿಸುಗುಟ್ಟಿದರು. ಆ ವೈದ್ಯರು ಮಾಡುತ್ತಿದ್ದದ್ದು ಎಕ್ಸ್‌ರೇಗಳನ್ನು ಅಳೆದು ಬರೆದಿಡುವ ಅಧ್ಯಯನ. ಯಾವ ಹೊಸ ಔಷಧಿಯೂ ಅದರಲ್ಲಿಲ್ಲ. ‘ಏನಿಲ್ಲ’ ಎನ್ನುವ ಬದಲು ಅದನ್ನೇ ಎರಡು ಮಾತಲ್ಲಿ ಹೇಳಿದ್ದರೆ ಆಕೆ ಖುಷಿಯಿಂದ ಹೆಬ್ಬೆಟ್ಟು ಒತ್ತುತ್ತಿದ್ದರು. ನಿಯಮಗಳಂತೂ ಗಟ್ಟಿಯಾಗಿಯೇ ಇವೆ. ಪ್ರಯೋಗಗಳನ್ನು 2007ರಲ್ಲಿ ಶುರುವಾದ ರಾಷ್ಟ್ರೀಯ ನೋಂದಣಿಯಲ್ಲಿ ಮೊದಲೇ ದಾಖಲಿಸಬೇಕು, 2009ರಿಂದ ಅದು ಕಡ್ಡಾಯ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಸಂಶೋಧನೆ ನ್ಯಾಯವಾಗಿದೆಯೇ ಎಂದು ನೋಡುವ ಎಥಿಕ್ಸ್ ಕಮಿಟಿಯಲ್ಲಿ ಕನಿಷ್ಠ ಏಳು ಮಂದಿ, ಅರ್ಧದಷ್ಟು ಹೊರಗಿನವರು, ಕಾನೂನು ಬಲ್ಲವರೊಬ್ಬರು, ಜತೆಗೆ ಒಬ್ಬ ಸಾಮಾನ್ಯ ವ್ಯಕ್ತಿ ಇರಲೇಬೇಕು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ. ಓದು ಬಾರದವರಿಗೆ ಪಕ್ಷಪಾತವಿಲ್ಲದ ಸಾಕ್ಷಿಯ ಎದುರು ಓದಿ ಹೇಳಬೇಕು. ಎಚ್ಚರ ತಪ್ಪಿದ ಗಾಯಾಳುವಿನ ಪರವಾಗಿ ಕಾನೂನು ಒಪ್ಪುವ ಹತ್ತಿರದವರು ಸಮ್ಮತಿ ಕೊಡಬಹುದು. ಆ ‘ಸಾಮಾನ್ಯ ವ್ಯಕ್ತಿ’ಯ ಕುರ್ಚಿಯಲ್ಲಿ ಸಾಮಾನ್ಯವಾಗಿ ನಿವೃತ್ತ ಮೇಷ್ಟರೋ ಊರಿನ ಗಣ್ಯರೋ ಕೂರುತ್ತಾರೆ. ಸೊಂಟ ಮುರಿದ ಕೊನೆಗಾರನನ್ನು ಕೂರಿಸಿದರೆ ಮೆಟ್ಟುಗತ್ತಿಯ ಪ್ರಶ್ನೆ ಮೊದಲ ಸಭೆಯಲ್ಲೇ ಬಂದೀತು.

ಹಂದಿಗೋಡಿನ ವಿಷಯ ಬಾಕಿಯಿತ್ತು. ದೊಡ್ಡ ನಗರದಲ್ಲಿ ಹೆಸರು ಅಳಿಸಿದರೆ ಗುಟ್ಟು ಉಳಿಯುತ್ತದೆ. ಇಲ್ಲಿ ‘ಹೊಸನಗರ ತಾಲ್ಲೂಕಿನ 42ರ ಗಂಡಸು, ಅಡಿಕೆ ಮರದಿಂದ ಬಿದ್ದು ಎರಡೂ ಕಾಲು ಹೋಗಿದೆ, ಮೂತ್ರಕ್ಕೆ ನಳಿಗೆ’ ಎಂದು ಬರೆದರೆ ಇಡೀ ಹೋಬಳಿಗೆ ಅದು ಯಾರೆಂದು ಗೊತ್ತು. ಒಂದು ಊರು ತನ್ನ ಹೆಸರನ್ನೇ ಕಾಯಿಲೆಗೆ ಕೊಟ್ಟು ಏನನ್ನು ಅನುಭವಿಸಿತು ಎಂದು ಬಲ್ಲ ಜಿಲ್ಲೆ ನಮ್ಮದು. ಹಾಗಾಗಿ ಊರು, ವಯಸ್ಸು, ಕಸುಬು ಮೂರನ್ನೂ ಒಟ್ಟಿಗೆ ಅಚ್ಚು ಹಾಕದ ಎಚ್ಚರವೂ ನಮ್ಮ ನಮೂನೆಯಲ್ಲೇ ಇರಬೇಕು.

ಚೀಲ ತಂದಿದ್ದ ಹುಡುಗ ಈಗ ತಾನೇ ಕೊನೆ ತೆಗೆಯುತ್ತಾನೆ. ಮರ ಹತ್ತುವುದಿಲ್ಲ. ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದ ಮೇಲೆ ನಿಂತೇ ಔಷಧಿ, ನೆಲದ ಮೇಲೆ ನಿಂತೇ ಕೊಯ್ಲು. ಅವನಮ್ಮನಿಗೆ ನೆಮ್ಮದಿ. ಹೋದ ಕಾರ್ತೀಕದಲ್ಲಿ ನಮ್ಮಲ್ಲಿಗೆ ಬಂದವನು ಮಧ್ಯಾಹ್ನ ಊಟಕ್ಕೆ ಕೂತಾಗ ತಲೆಯನ್ನು ಒಂದು ಕಡೆ ವಾಲಿಸಿಕೊಂಡೇ ಇದ್ದ. ಏನೆಂದು ಕೇಳಿದೆ. “ಬೆಳಗ್ಗಿಂದ ಸಂಜೆ ತನಕ ಮೇಲೇ ನೋಡ್ಬೇಕಲ್ಲ ಅಯ್ಯಾ, ಕುತ್ತಿಗೆ ಹಿಡ್ಕೊಂಡದ್ದು ಬಿಡೂದೇ ಇಲ್ಲ. ಕೈಗೂ ಜುಂ ಅಂತದೆ” ಎಂದ. ಆಸ್ಪತ್ರೆಗೆ ಹೋಗಿ ಬಂದಿದ್ದನಂತೆ. ಒಪಿಡಿ ಚೀಟಿ ಜೇಬಿನಲ್ಲೇ ಇತ್ತು, ತೆಗೆದು ತೋರಿಸಿದ. ಮಾತ್ರೆಯ ಹೆಸರಿನ ಮೇಲೆ ಎರಡು ಪದ ಬರೆದಿತ್ತು: ‘ನೆಕ್ ಪೇನ್’. ಕಸುಬು ಎಂಬ ಜಾಗ ಖಾಲಿಯಿತ್ತು.